‘ಡ್ರೀಮ್‌ಟೈಮ್’ ಅಂದ್ರೆ ಕನಸಲ್ಲ: ಆಸ್ಟ್ರೇಲಿಯಾದ ನಾಲ್ಕು ಪದಗಳ ಕಥೆ

ಇವತ್ತು ನಾಲ್ಕು ಪದಗಳ ಕಥೆ ಕೇಳೋಣ. ಬರೀ ಪದ ತಾನೇ, ಅದರಲ್ಲೇನಿದೆ ಅಂತೀರಾ? ಇವುಗಳ ಅರ್ಥ ಕೋರ್ಟಿಗೆ ತಿಳಿಯುತ್ತೋ ಇಲ್ಲವೋ ಅನ್ನೋದರ ಮೇಲೆ ಒಂದು ಜನರ ನೆಲವೇ ನಿಂತಿತ್ತು.

ಮೊದಲನೆಯದು ‘ಡ್ರೀಮ್‌ಟೈಮ್’. ಆಸ್ಟ್ರೇಲಿಯಾದ ಮೂಲನಿವಾಸಿಗಳ ನಂಬಿಕೆ ಅಂತ ಹುಡುಕಿದರೆ ಥಟ್ಟನೆ ಸಿಗೋದು ಇದೇ. ಆದರೆ ಇದು ಅವರ ಪದವಲ್ಲ. 1890ರ ದಶಕದಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಟೆಲಿಗ್ರಾಫ್ ಸ್ಟೇಷನ್ ಅಧಿಕಾರಿಯಾಗಿದ್ದ ಫ್ರಾನ್ಸಿಸ್ ಗಿಲೆನ್, ಅಲ್ಲಿನ ಅರಂಡ ಜನರ ‘ಆಲ್ಚೆರಿಂಗ’ ಅನ್ನೋ ಮಾತನ್ನು ‘ಕನಸಿನ ಕಾಲ’ ಅಂತ ಇಂಗ್ಲಿಷಿಗೆ ತಂದರು. 1899ರಲ್ಲಿ ಬಾಲ್ಡ್ವಿನ್ ಸ್ಪೆನ್ಸರ್ ಜೊತೆ ಅವರು ಬರೆದ ಪುಸ್ತಕ ಯುರೋಪಿನಲ್ಲೂ ಹೆಸರು ಮಾಡಿತು. ಅದೇ ಸೀಮೆಯಲ್ಲಿದ್ದು ಅರಂಡ ಭಾಷೆ ಕಲಿತಿದ್ದ ಜರ್ಮನ್ ಪಾದ್ರಿ ಕಾರ್ಲ್ ಸ್ಟ್ರೆಹ್ಲೊ ಈ ಅನುವಾದವನ್ನು ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ ಪದ ಊರೂರು ಸುತ್ತಿ ಆಗಿತ್ತು.

ಸಮಸ್ಯೆ ಏನು? ‘ಕನಸು’ ಅಂದ ತಕ್ಷಣ ಅದು ನಿಜ ಅಲ್ಲ ಅನ್ನಿಸುತ್ತೆ. ‘ಕಾಲ’ ಅಂದರೆ ಎಂದೋ ಮುಗಿದುಹೋದದ್ದು ಅನ್ನಿಸುತ್ತೆ. ಎರಡೂ ತಪ್ಪು.

ಹಾಗಾಗಿ ಎರಡನೇ ಪದ, ‘ಜುಕುರ್ಪ’. ಉಲೂರು ಬಂಡೆಯ ಸುತ್ತಲಿನ ಅನಂಗು ಜನರ ಮಾತು ಇದು. ಪೂರ್ವಜ ಶಕ್ತಿಗಳು ನಡೆದಾಡಿ ಬೆಟ್ಟ, ನೀರಿನ ಗುಂಡಿ, ಪ್ರಾಣಿ, ಮನುಷ್ಯರನ್ನು ರೂಪಿಸಿದ ಕಥೆ ಇದರಲ್ಲಿದೆ. ಜೊತೆಗೆ ಯಾರು ಯಾರನ್ನು ಮದುವೆಯಾಗಬಹುದು, ಯಾವ ಜಾಗವನ್ನು ಯಾರು ಕಾಯಬೇಕು ಅನ್ನೋ ಕಾನೂನೂ ಇದೇ. ಅದು ಮುಗಿದಿಲ್ಲ, ಈಗಲೂ ನಡೀತಿದೆ. ಮಾನವಶಾಸ್ತ್ರಜ್ಞ ಸ್ಟ್ಯಾನರ್ 1950ರ ದಶಕದಲ್ಲಿ ಇದನ್ನು ಹಿಡಿಯೋಕೆ ‘ಎವ್ರಿವೆನ್’ ಅನ್ನೋ ಹೊಸ ಪದವನ್ನೇ ಬಳಸಿದರು. ಅಂದರೆ ಎಲ್ಲ ಕಾಲದಲ್ಲೂ ಇರುವಂಥದ್ದು.

ಮೂರನೆಯದು ‘ಸಾಂಗ್‌ಲೈನ್’, ಹಾಡಿನ ದಾರಿ. ಪೂರ್ವಜರು ನಡೆದ ದಾರಿಯಲ್ಲಿ ಸಿಗುವ ಜಾಗಗಳು ಹಾಡಿನಲ್ಲಿ ಒಂದಾದ ಮೇಲೊಂದು ಬರುತ್ತವೆ. ಹಾಡು ಗೊತ್ತಿದ್ದರೆ ಮರುಭೂಮಿಯಲ್ಲಿ ನೀರು ಎಲ್ಲಿದೆ ಅಂತಲೂ ಗೊತ್ತು. ಬೆನ್ನಟ್ಟಿ ಬಂದ ಗಂಡಸಿನಿಂದ ತಪ್ಪಿಸಿಕೊಂಡು ಓಡುವ ಏಳು ಅಕ್ಕತಂಗಿಯರ ಕಥೆ ಹೀಗೇ ಮರುಭೂಮಿ ದಾಟುತ್ತೆ. ಆ ಅಕ್ಕತಂಗಿಯರು ಕೊನೆಗೆ ಆಕಾಶ ಸೇರಿ ನಕ್ಷತ್ರಗಳಾಗ್ತಾರೆ. ನಾವು ಕೃತ್ತಿಕೆ ಅನ್ನೋದು ಅದೇ ನಕ್ಷತ್ರಗಳನ್ನು.

ನಾಲ್ಕನೆಯದು ‘ಕಂಟ್ರಿ’. ಇಲ್ಲಿ ದೇಶ ಅನ್ನೋ ಅರ್ಥ ಇಲ್ಲ. ನೆಲ, ನೀರು, ಗಾಳಿ, ಜೀವಿಗಳು, ಹಿರಿಯರು ಎಲ್ಲ ಸೇರಿದ್ದು ಕಂಟ್ರಿ. ಅದು ನನ್ನದು ಅನ್ನೋದಕ್ಕಿಂತ ನಾನು ಅದರವನು ಅನ್ನೋ ಭಾವ.

ಈ ಭಾವವೇ ಕೋರ್ಟಿನಲ್ಲಿ ಮುಳುವಾಯ್ತು ನೋಡಿ. ಉತ್ತರದ ಗೋವ್ ಪರ್ಯಾಯದ್ವೀಪದಲ್ಲಿ ಬಾಕ್ಸೈಟ್ ಗಣಿಗಾರಿಕೆಗೆ ಸರ್ಕಾರ ಮುಂದಾದಾಗ, ಅಲ್ಲಿನ ಯೋಲ್ಂಗು ಜನ 1963ರಲ್ಲಿ ಮರದ ತೊಗಟೆಯ ಮೇಲೆ ಚಿತ್ರ ಬರೆದು, ತಮ್ಮ ಭಾಷೆ ಮತ್ತು ಇಂಗ್ಲಿಷ್ ಎರಡರಲ್ಲೂ ಮನವಿ ಅಂಟಿಸಿ ಸಂಸತ್ತಿಗೆ ಕಳಿಸಿದರು. ಆಮೇಲೆ ಕೋರ್ಟಿಗೂ ಹೋದರು. 1971ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ತೀರ್ಪು ಕೊಟ್ಟರು. ಈ ಜನರಿಗೆ ವ್ಯವಸ್ಥಿತ ಕಾನೂನಿದೆ ಅಂತ ಒಪ್ಪಿದರು. ನೆಲದ ಜೊತೆ ಗಾಢವಾದ ಆಧ್ಯಾತ್ಮಿಕ ನಂಟಿದೆ ಅಂತಲೂ ಒಪ್ಪಿದರು. ಆದರೆ ಇಂಗ್ಲಿಷ್ ಕಾನೂನಿನ ಲೆಕ್ಕದಲ್ಲಿ ಅದು ಆಸ್ತಿ ಅಲ್ಲ ಅಂದರು. ನೆಲಕ್ಕೆ ಸೇರಿದವರು ಅನ್ನೋದು ನೆಲದ ಒಡೆಯರು ಅನ್ನೋದಕ್ಕೆ ಸಮವಾಗಲಿಲ್ಲ. ಗಣಿ ಬಂತು.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಉತ್ತರ ಪ್ರಾಂತ್ಯಕ್ಕಾಗಿ 1976ರಲ್ಲಿ ಬಂದ ಭೂಹಕ್ಕು ಕಾಯ್ದೆ, ಸಾಂಪ್ರದಾಯಿಕ ಒಡೆಯರು ಯಾರು ಅಂತ ಹೇಳುವಾಗ ಆ ಜಾಗದ ಜೊತೆಗಿನ ಆಧ್ಯಾತ್ಮಿಕ ನಂಟನ್ನೇ ಆಧಾರವಾಗಿ ಹಿಡಿಯಿತು. ಕೋರ್ಟಿನಲ್ಲಿ ಸಾಲದೇ ಹೋಗಿದ್ದೇ ಕಾಯ್ದೆಯಲ್ಲಿ ಪುರಾವೆ ಆಯ್ತು! 1985ರ ಅಕ್ಟೋಬರ್ 26ರಂದು ಉಲೂರು ಅನಂಗು ಜನರಿಗೆ ಮರಳಿತು. 1992ರಲ್ಲಿ, ಟಾರೆಸ್ ಜಲಸಂಧಿಯ ಎಡ್ಡಿ ಮಾಬೊ ಮತ್ತು ಸಂಗಡಿಗರ ಪ್ರಕರಣದಲ್ಲಿ, ಬ್ರಿಟಿಷರು ಬಂದಾಗ ಇದು ಯಾರಿಗೂ ಸೇರದ ನೆಲವಾಗಿತ್ತು ಅನ್ನೋ ವಾದವನ್ನು ಹೈಕೋರ್ಟ್ ತಳ್ಳಿಹಾಕಿತು. 2019ರ ಅಕ್ಟೋಬರ್ 26ರಿಂದ ಉಲೂರು ಹತ್ತೋದೂ ನಿಂತಿದೆ. ಪ್ರವಾಸಿಗರು ಹತ್ತುತ್ತಿದ್ದ ಆ ದಾರಿ, ಜುಕುರ್ಪದ ಪ್ರಕಾರ ಪೂರ್ವಜರು ನಡೆದ ದಾರಿ.

ಕೊನೆಗೊಂದು ಮಾತು. ಬ್ರಿಟಿಷರು ಬಂದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅಷ್ಟೂ ಜನರನ್ನು ‘ಡ್ರೀಮ್‌ಟೈಮ್’ ಅನ್ನೋ ಒಂದೇ ಚೀಲಕ್ಕೆ ತುಂಬೋದು ಬೇಡ. ಅನಂಗು ಜನರ ಮಾತಾದರೆ ಜುಕುರ್ಪ ಅನ್ನೋಣ. ಅವರ ಪದ ಅವರದೇ ಬಾಯಲ್ಲಿ ಹೇಗಿದೆಯೋ ಹಾಗೇ ಇರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.