ಕಾನೂನಿಗೆ ಬಗ್ಗದ ಬಂಗಾರದ ಆಸೆ ಬೆಲೆಗೆ ಬಗ್ಗಿತು

ಯಾವ ಜಾತ್ರೆಗೆ ಹೋದರೂ ಬಳೆ ಅಂಗಡಿಯ ಪಕ್ಕ ಒಂದು ಒನ್ ಗ್ರಾಂ ಗೋಲ್ಡ್ ಅಂಗಡಿ ಇದ್ದೇ ಇರುತ್ತದೆ. ಲಕ್ಷ್ಮಿ ಸರ, ಕಾಸಿನ ಸರ, ಜುಮುಕಿ, ಸೊಂಟದ ಡಾಬು ಎಲ್ಲವೂ ಅಲ್ಲಿ ನೂರರ ಲೆಕ್ಕದಲ್ಲಿ ಸಿಗುತ್ತವೆ. ನಮ್ಮ ಅಜ್ಜಿಯರು ಇಂಥದ್ದನ್ನು ಕಂಡರೆ 'ಗಿಲೀಟು' ಎಂದು ಮೂಗು ಮುರಿಯುತ್ತಿದ್ದರು. ಆಮೇಲೆ ಅದು ರೋಲ್ಡ್ ಗೋಲ್ಡ್ ಆಯಿತು, ಉಮಾ ಗೋಲ್ಡ್ ಆಯಿತು, ಕವರಿಂಗ್ ಆಯಿತು. ಈಗ ಮದುಮಗಳೇ ಅದನ್ನು ಹಾಕಿಕೊಂಡು ಹಸೆಮಣೆ ಏರಿದರೂ ಯಾರೂ ಕೊಂಕು ಮಾತಾಡುವುದಿಲ್ಲ.

ಜನ ಚಿನ್ನ ಕಡಿಮೆ ಕೊಳ್ಳಲಿ ಎಂದು ಒಂದು ಕಾಲದಲ್ಲಿ ಸರ್ಕಾರ ಕಾನೂನನ್ನೇ ತಂದಿತ್ತು. ಜನ ಕೇಳಲಿಲ್ಲ. ಆ ಕಥೆಯನ್ನು ಇವತ್ತಿನ ಮದುವೆ ಮನೆಗಳು ತಿಳಿದುಕೊಳ್ಳಬೇಕು.

14 ಕ್ಯಾರೆಟ್ ಕಾನೂನು

1962ರಲ್ಲಿ ಚೀನಾ ಯುದ್ಧವಾಯಿತು. ದೇಶದ ಕೈಯಲ್ಲಿ ವಿದೇಶಿ ಹಣ ಕಡಿಮೆ ಇತ್ತು. ಚಿನ್ನ ಮಾತ್ರ ಕಳ್ಳದಾರಿಯಲ್ಲಿ ಬರುತ್ತಲೇ ಇತ್ತು. ಜನರ ಚಿನ್ನದ ಆಸೆ ತಗ್ಗಿದರೆ ಕಳ್ಳಸಾಗಣೆಯೂ ತಗ್ಗುತ್ತದೆ ಎಂದು ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಲೆಕ್ಕ ಹಾಕಿದರು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದವು. ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್‌ಗಿಂತ ಶುದ್ಧವಾಗಿ ಇರಕೂಡದು ಎಂದಾಯಿತು.

14 ಕ್ಯಾರೆಟ್ ಎಂದರೆ 24 ಪಾಲಿನಲ್ಲಿ 14 ಪಾಲು ಮಾತ್ರ ಚಿನ್ನ, ಉಳಿದ 10 ಪಾಲು ತಾಮ್ರ, ಬೆಳ್ಳಿಯಂಥ ಲೋಹ. ನಾವು ಸಾಮಾನ್ಯವಾಗಿ ಕೊಳ್ಳುವ 22 ಕ್ಯಾರೆಟ್‌ನಲ್ಲಿ ಬೇರೆ ಲೋಹ ಎರಡೇ ಪಾಲು. 14 ಕ್ಯಾರೆಟ್ ಚಿನ್ನ ಗಟ್ಟಿಯಾಗಿರುತ್ತದೆ. ಮೆದು ಚಿನ್ನದಲ್ಲಿ ಎಳೆ ತೆಗೆದು, ತಗಡು ಬಡಿದು ಕೈ ಪಳಗಿದ್ದ ಅಕ್ಕಸಾಲಿಗರಿಗೆ ಅದು ಒಗ್ಗಲಿಲ್ಲ. ಕೊಳ್ಳುವವರಿಗೂ ಬೇಡವಾಯಿತು. ಹಳ್ಳಿಯ ಮನೆಗೆ ಚಿನ್ನ ಬರೀ ಅಲಂಕಾರವಾಗಿರಲಿಲ್ಲ. ಮಳೆ ಕೈಕೊಟ್ಟಾಗ, ಎತ್ತು ಸತ್ತಾಗ, ಮಗಳ ಬಾಣಂತನಕ್ಕೆ ದುಡ್ಡಿಲ್ಲದಾಗ ಅಡವಿಟ್ಟು ಹಣ ತರುವ ಬ್ಯಾಂಕೂ ಅದೇ ಆಗಿತ್ತು. ಬ್ಯಾಂಕಿನಲ್ಲಿ ಕಲಬೆರಕೆಯನ್ನು ಯಾರು ಒಪ್ಪುತ್ತಾರೆ?

ಪೆಟ್ಟು ಬಿದ್ದದ್ದು ಅಕ್ಕಸಾಲಿಗರಿಗೆ. ತಲೆಮಾರುಗಳಿಂದ ಊದುಗೊಳವೆ ಹಿಡಿದವರು ಬೇರೆ ಕೂಲಿ ಹುಡುಕಿಕೊಂಡು ಹೋಗಬೇಕಾಯಿತು. ಕೆಲವರು ಜೀವವನ್ನೇ ಕಳೆದುಕೊಂಡರು. ಕೊನೆಗೆ 1966ರಲ್ಲಿ ಸರ್ಕಾರ 14 ಕ್ಯಾರೆಟ್ ಕಟ್ಟಳೆಯನ್ನು ಕೈಬಿಟ್ಟಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆಯಲ್ಲಿ ಜನಸಾಮಾನ್ಯರು ಚಿನ್ನದ ಗಟ್ಟಿ ಇಟ್ಟುಕೊಳ್ಳುವಂತಿರಲಿಲ್ಲ. 1990ರಲ್ಲಿ ಆ ಕಾಯ್ದೆಯೂ ರದ್ದಾಯಿತು. ಅಷ್ಟು ವರ್ಷವಾದರೂ ಚಿನ್ನದ ಆಸೆ ತಗ್ಗಿರಲಿಲ್ಲ.

ಕಡಿಮೆ ಚಿನ್ನ, ದೊಡ್ಡ ನೋಟ

ಹಾಗೆಂದು ನಮ್ಮ ಹಿರಿಯರು ಹಾಕಿದ್ದೆಲ್ಲ ಗಟ್ಟಿ ಚಿನ್ನವಲ್ಲ. ಉತ್ತರ ಕರ್ನಾಟಕದ ಬೋರಮಾಳ ಸರವನ್ನು ನೋಡಿ. ಬೋರೆ ಹಣ್ಣಿನಂಥ ಗುಂಡುಗಳು ದಪ್ಪಗೆ ಕಾಣುತ್ತವೆ. ಹೊರಗೆ ತೆಳುವಾದ ಚಿನ್ನದ ತಗಡು, ಒಳಗೆ ಅರಗು. ಇದು ಮೋಸವಲ್ಲ. ಒಳಗೆ ಅರಗಿದೆ ಎಂದು ಹಾಕಿಕೊಂಡವರಿಗೂ ಗೊತ್ತು, ಅಡವಿಟ್ಟುಕೊಳ್ಳುವವರಿಗೂ ಗೊತ್ತು. ಅರಗಿನ ತೂಕ ಕಳೆದೇ ಲೆಕ್ಕ.

ಯಕ್ಷಗಾನದ ರಾಜನ ಭುಜಕೀರ್ತಿ, ಎದೆಕಟ್ಟು ಹಗುರ ಮರದಿಂದ ಮಾಡಿದವು. ಮೇಲೆ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸಿರುತ್ತಾರೆ. ರಾತ್ರಿಯಿಡೀ ಕುಣಿಯುವವನಿಗೆ ಭಾರವಾಗಬಾರದು, ದೀಪದ ಬೆಳಕಿಗೆ ಹೊಳೆಯಬೇಕು, ಅಷ್ಟೆ. ತಮಿಳುನಾಡಿನ ನಾಗರಕೋಯಿಲ್ ಬಳಿಯ ವಡಸೇರಿಯಲ್ಲಿ ಬೆಳ್ಳಿಗೆ ಚಿನ್ನದ ರೇಕು ಹೊದಿಸಿ ಕೆಂಪು ಕಲ್ಲು ಕೂರಿಸಿ ದೇವರಿಗೆ, ಭರತನಾಟ್ಯದವರಿಗೆ ಒಡವೆ ಮಾಡುತ್ತಾರೆ. ಇವತ್ತು ಅಂಗಡಿಯಲ್ಲಿ 'ಟೆಂಪಲ್ ಜ್ಯುವೆಲರಿ' ಎಂದು ಮಾರುವ ವಿನ್ಯಾಸದ ಬೇರು ಇಂಥ ಕೆಲಸದಲ್ಲಿದೆ.

ಇದನ್ನು ಎಲ್ಲರ ಕೈಗೆಟುಕುವಂತೆ ಮಾಡಿದ್ದು ವಿದ್ಯುತ್ತು. 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನ ಎಲ್ಕಿಂಗ್ಟನ್ ಮನೆತನ ವಿದ್ಯುತ್ತಿನಿಂದ ಲೋಹದ ಮೇಲೆ ಚಿನ್ನ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಚಿನ್ನ ಕರಗಿರುವ ದ್ರಾವಣದಲ್ಲಿ ತಾಮ್ರದ ಸರ ಮುಳುಗಿಸಿ ಕರೆಂಟ್ ಹರಿಸಿದರೆ ಚಿನ್ನ ಸರಕ್ಕೆ ಅಂಟುತ್ತದೆ. ನಮ್ಮ ಪಕ್ಕದ ಆಂಧ್ರದಲ್ಲಿ ಮಚಲಿಪಟ್ಟಣದ ಚಿಲಕಲಪೂಡಿ ಕವರಿಂಗ್ ಒಡವೆಗೇ ಹೆಸರಾದ ಊರು. ತೆಲುಗರು ಇಂಥ ಒಡವೆಯನ್ನು ಚಿಲಕಲಪೂಡಿ ಬಂಗಾರ ಎಂದೇ ಕರೆಯುತ್ತಾರೆ.

ಒನ್ ಗ್ರಾಂ ಎಂಬ ಹೆಸರಿದೆ ಎಂದು ಪ್ರತಿ ಸರದಲ್ಲೂ ಒಂದು ಗ್ರಾಂ ಚಿನ್ನ ಇರುತ್ತದೆ ಎಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. 100 ಚದರ ಸೆಂಟಿಮೀಟರ್ ಮೇಲ್ಮೈಗೆ ಒಂದು ಮೈಕ್ರಾನ್ ದಪ್ಪ ಲೇಪಿಸಲು ಸುಮಾರು 0.2 ಗ್ರಾಂ ಚಿನ್ನ ಸಾಕು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬೆವರು, ಸೋಪು, ಸೆಂಟು ತಾಗಿದಷ್ಟೂ ಅದು ಬೇಗ ಸವೆಯುತ್ತದೆ. ಹಾಕಿ ತೆಗೆದ ಮೇಲೆ ಬಟ್ಟೆಯಲ್ಲಿ ಒರೆಸಿ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಅದಕ್ಕೇ.

ನೋಟ ಬೇರೆ, ಗಂಟು ಬೇರೆ

2025ರ ಏಪ್ರಿಲ್‌ನಲ್ಲಿ 10 ಗ್ರಾಂ ಶುದ್ಧ ಚಿನ್ನ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಅದೇ ವರ್ಷ 9 ಕ್ಯಾರೆಟ್ ಒಡವೆಗೂ ಹಾಲ್‌ಮಾರ್ಕ್ ಸಿಗುವಂತಾಯಿತು. 1963ರಲ್ಲಿ 14 ಕ್ಯಾರೆಟ್ ಬೇಡವೆಂದ ದೇಶದಲ್ಲಿ ಈಗ 9 ಕ್ಯಾರೆಟ್ ಅಂಗಡಿಗೆ ಬಂದಿದೆ. ಕಾನೂನು ಮಾಡಲಾಗದ ಕೆಲಸವನ್ನು ಬೆಲೆ ಮಾಡಿದೆ.

ಸಾಲ ಮಾಡಿ, ಹೊಲ ಮಾರಿ ಮಗಳಿಗೆ ಚಿನ್ನ ಹಾಕುವುದಕ್ಕಿಂತ ಕವರಿಂಗ್ ಸರ ಸಾವಿರ ಪಾಲು ವಾಸಿ ಎಂಬುದು ನಮ್ಮ ಅನಿಸಿಕೆ. ಆದರೆ ಒಂದು ಮಾತು. ಚಿನ್ನ ಕೊಡುತ್ತಿದ್ದದ್ದು ಎರಡು, ನೋಟ ಮತ್ತು ಆಪತ್ತಿನ ಗಂಟು. ಕವರಿಂಗ್ ಕೊಡುವುದು ನೋಟ ಮಾತ್ರ. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮದು ಎಂದು ಹೇಳಿಕೊಳ್ಳಲು ಇದ್ದ ಆಸ್ತಿ ಆ ಚಿನ್ನ ಒಂದೇ. ಅದೂ ಇಲ್ಲವಾದರೆ ಕಷ್ಟಕ್ಕೆ ಏನು ಅಡವಿಡುತ್ತಾಳೆ? ಸರದಲ್ಲಿ ಉಳಿದ ದುಡ್ಡಿನಲ್ಲಿ ಸ್ವಲ್ಪವಾದರೂ ಅವಳ ಹೆಸರಿನ ಖಾತೆಗೆ ಹೋಗಬೇಕು.

ಚಿನ್ನವನ್ನೇ ಕೊಳ್ಳುವವರು ಹಾಲ್‌ಮಾರ್ಕ್ ನೋಡಿಯೇ ಕೊಳ್ಳಿ. ಬಿಐಎಸ್ ಗುರುತು, 22ಕೆ916 ಎಂಬಂಥ ಶುದ್ಧತೆಯ ಗುರುತು, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ, ಈ ಮೂರೂ ಇರಬೇಕು. ಎಚ್‌ಯುಐಡಿಯನ್ನು ನಿಮ್ಮ ಫೋನಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಸಿಗುತ್ತದೆ. ಬೋರಮಾಳದ ಕಾಲದಲ್ಲಿ ಒಳಗೆ ಅರಗಿದೆ ಎಂಬುದು ಊರಿಗೇ ಗೊತ್ತಿತ್ತು. ಇವತ್ತಿನ ಒಡವೆಯ ಒಳಗೇನಿದೆ ಎಂದು ನಾವೇ ಕೇಳಿ ತಿಳಿಯಬೇಕು.