ದಾರಿ ತಪ್ಪದಿರಲು, ಸೈಕಲ್ ಕಳೆಯದಿರಲು

1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಮಂದಿ ಪಾರ್ಸಿ ಯುವಕರು ಸೈಕಲ್ ಏರಿ ವಿಶ್ವಪರ್ಯಟನೆಗೆ ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭೂಮ್‌ಗಾರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಕ್ರಮಿಸಿ 1928ರ ಮಾರ್ಚ್‌ನಲ್ಲಿ ಊರಿಗೆ ಮರಳಿದರು. ಇಂಥ ದೂರ ಪ್ರಯಾಣದ ಸವಾರನಿಗೆ ಅಂದೂ ಇಂದೂ ಎದುರಾಗುವ ಪ್ರಶ್ನೆಗಳು ಎರಡು. ನಾನೀಗ ಎಲ್ಲಿದ್ದೇನೆ? ಬೆಳಿಗ್ಗೆ ಎದ್ದಾಗ ನನ್ನ ಸೈಕಲ್ ಇಲ್ಲಿಯೇ ಇರುತ್ತದೆಯೇ? ಇವುಗಳಿಗೆ ಉತ್ತರವಾಗಿ ಹುಟ್ಟಿದ ಸಾಧನಗಳ ಇತಿಹಾಸದಲ್ಲಿ, ಇಂದು ಪ್ರವಾಸ ಹೊರಡುವ ವಿದ್ಯಾರ್ಥಿಗೂ ಒಂದು ಪಾಠವಿದೆ.

ಮೊದಲು ದಾರಿಯ ವಿಚಾರ. 1884ರಿಂದ 1886ರವರೆಗೆ ಎತ್ತರದ ಮುಂಚಕ್ರದ ಸೈಕಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಯೊಕೊಹಾಮಾವರೆಗೆ ಸಾಗಿದ ಥಾಮಸ್ ಸ್ಟೀವನ್ಸ್, ಅಮೆರಿಕದಲ್ಲಿ ರಸ್ತೆ ಇಲ್ಲದ ಕಡೆ ರೈಲು ಹಳಿಗಳನ್ನೇ ಹಿಡಿದು ನಡೆದ. ಬ್ರಿಟನ್ನಿನಲ್ಲಿ 1878ರಲ್ಲೇ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿತ್ತು. ಮುಂದೆ ಅಲ್ಲಿ ಬಾರ್ತೊಲೊಮ್ಯೂ ಸಂಸ್ಥೆಯ ನಕ್ಷೆಗಳು ಸವಾರರಿಗೆ ಅಚ್ಚುಮೆಚ್ಚಾದವು. ಒಂದು ಮೈಲಿಗೆ ಅರ್ಧ ಅಂಗುಲದ ಆ ನಕ್ಷೆಗಳು ನೆಲದ ಎತ್ತರವನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುತ್ತಿದ್ದವು. ಪೆಡಲ್ ತುಳಿಯುವವನಿಗೆ ಮೈಲಿಗಳಷ್ಟೇ ಏರುಗಳೂ ಮುಖ್ಯ ತಾನೆ!

1895ರಲ್ಲಿ ಅಮೆರಿಕದ ಕರ್ಟಿಸ್ ವೀಡರ್ ದೂರ ಅಳೆಯುವ ಪುಟ್ಟ ಯಂತ್ರವೊಂದನ್ನು ಮಾರುಕಟ್ಟೆಗೆ ತಂದ. ಚಕ್ರದ ಕಡ್ಡಿಗೆ ಬಿಗಿದ ಮೊಳೆಯೊಂದು ಪ್ರತಿ ಸುತ್ತಿಗೂ ನಕ್ಷತ್ರಾಕಾರದ ಗಾಲಿಯನ್ನು ಒಂದು ಹೆಜ್ಜೆ ತಿರುಗಿಸುತ್ತಿತ್ತು. 28 ಅಂಗುಲ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 2.23 ಮೀಟರ್ ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು. ದಿಕ್ಸೂಚಿಯಿಂದ ದಿಕ್ಕು, ಈ ಯಂತ್ರದಿಂದ ದೂರ ತಿಳಿದರೆ ನಕ್ಷೆಯ ಮೇಲೆ ನಾವಿರುವ ಸ್ಥಳವನ್ನು ಗುರುತಿಸಬಹುದು. ಆದರೆ ದಿಕ್ಸೂಚಿಯನ್ನು ಉಕ್ಕಿನ ಹ್ಯಾಂಡಲ್ ಬಳಿ ಹಿಡಿದರೆ ಮುಳ್ಳು ದಾರಿ ತಪ್ಪಿಸುತ್ತದೆ. ಸೈಕಲ್‌ನಿಂದ ನಾಲ್ಕು ಹೆಜ್ಜೆ ದೂರ ಸರಿದು ನೋಡುವುದೇ ಸರಿ.

ಜಿ.ಪಿ.ಎಸ್. ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಅಮೆರಿಕ 2000ದ ಮೇ ತಿಂಗಳಲ್ಲಿ ಆ ನಿರ್ಬಂಧವನ್ನು ತೆಗೆಯಿತು. ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಅದರ ಪ್ರಮುಖ ಕೇಂದ್ರವೊಂದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಇಲ್ಲಿ ಎಲ್ಲವೂ ಕಾಲದ ಲೆಕ್ಕ. ಸಂಕೇತವು ಬೆಳಕಿನ ವೇಗದಲ್ಲಿ ಬರುವುದರಿಂದ, ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಈ ಸಾಧನಕ್ಕೆ ಮೊಬೈಲ್ ಜಾಲ ಬೇಕಿಲ್ಲ, ತೆರೆದ ಆಕಾಶ ಬೇಕು. ಆಳವಾದ ಕಣಿವೆಯಲ್ಲಿ, ದಟ್ಟ ಕಾಡಿನಲ್ಲಿ ಅದು ತಡವರಿಸುತ್ತದೆ. ಬ್ಯಾಟರಿ ಮುಗಿದರೆ ಮೌನ ತಾಳುತ್ತದೆ. ಕಾಗದದ ನಕ್ಷೆಗೆ ಬ್ಯಾಟರಿ ಬೇಡ, ಆದರೆ ಮಳೆ ಆಗದು. ಎರಡೂ ಒಂದೇ ಕಾರಣಕ್ಕೆ ಕೈಕೊಡುವುದಿಲ್ಲ. ಆದ್ದರಿಂದಲೇ ಎರಡೂ ಜೊತೆಗಿರಬೇಕು.

ಇನ್ನು ಬೀಗದ ಮಾತು. 1784ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಕೊಳವೆಯಾಕಾರದ ಕೀಲಿಕೈ ಇರುವ ಬೀಗಕ್ಕೆ ಹಕ್ಕುಪತ್ರ ಪಡೆದ. ಕಳ್ಳಕೈಯಲ್ಲಿ ಅದನ್ನು ತೆರೆದವರಿಗೆ 200 ಗಿನಿ ಬಹುಮಾನ ಎಂಬ ಸವಾಲು ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿತ್ತು. 1851ರಲ್ಲಿ ಅಮೆರಿಕದ ಎ.ಸಿ. ಹಾಬ್ಸ್ ಅದನ್ನು ತೆರೆದೇಬಿಟ್ಟ. ಅವನಿಗೆ ಹಿಡಿದದ್ದು 16 ದಿನಗಳಲ್ಲಿ ಹಂಚಿಹೋದ 51 ಗಂಟೆ.

ಸೈಕಲ್‌ಗೂ ಇದೇ ಪರೀಕ್ಷೆ ಬಂತು. 1972ರಲ್ಲಿ ನ್ಯೂಯಾರ್ಕಿನ ಬೀದಿಯೊಂದರಲ್ಲಿ ಕ್ರಿಪ್ಟೋನೈಟ್ ಎಂಬ ಹೊಸ ಉಕ್ಕಿನ ಬೀಗ ಹಾಕಿ ಸೈಕಲ್ಲೊಂದನ್ನು 30 ದಿನ ಬಿಡಲಾಯಿತು. ಬಿಚ್ಚಲು ಬಂದ ಭಾಗಗಳನ್ನೆಲ್ಲ ಕಳ್ಳರು ಒಯ್ದರು. ಬೀಗ ಮಾತ್ರ ಜಗ್ಗಲಿಲ್ಲ. ಮುಂದೆ ಇಂಗ್ಲಿಷಿನ 'ಯು' ಅಕ್ಷರದ ಆಕಾರದ ಬೀಗಗಳು ಜಗತ್ತಿನಾದ್ಯಂತ ಹರಡಿದವು. ಆದರೆ 2004ರಲ್ಲಿ, ದುಂಡು ಕೀಲಿಕೈಯ ಅಂಥ ಕೆಲವು ಬೀಗಗಳನ್ನು ಅಗ್ಗದ ಪೆನ್ನಿನ ಕೊಳವೆಯಿಂದಲೇ ತೆರೆಯಬಹುದೆಂದು ಬಯಲಾಯಿತು. ಕಂಪನಿ ಅವುಗಳನ್ನು ಲಕ್ಷಗಟ್ಟಲೆ ಬದಲಾಯಿಸಿಕೊಡಬೇಕಾಯಿತು. ಉಕ್ಕು ಗಟ್ಟಿಯಾಗಿತ್ತು, ಕೀಲಿರಂಧ್ರ ದುರ್ಬಲವಾಗಿತ್ತು.

ಅಂದರೆ ಬೀಗ ಕೊಡುವುದು ಅಭಯವನ್ನಲ್ಲ, ಸಮಯವನ್ನು. ನಮ್ಮ ಸೈಕಲ್‌ಗಳ ಹಿಂಚಕ್ರದ ಬೀಗ ಚಕ್ರ ಉರುಳದಂತೆ ತಡೆಯುತ್ತದೆ, ಸೈಕಲ್ಲನ್ನು ಹೊತ್ತೊಯ್ಯುವುದನ್ನು ತಡೆಯದು. ಅಂಗಡಿಯ ಮುಂದೆ ಐದು ನಿಮಿಷಕ್ಕೆ ಅದು ಸಾಕು. ರಾತ್ರಿ ತಂಗುವಾಗ ಚೌಕಟ್ಟನ್ನೂ ಚಕ್ರವನ್ನೂ ಸೇರಿಸಿ, ಅಲುಗದ ಕಂಬಕ್ಕೆ ಬಿಗಿಯುವ ಬೀಗ ಬೇಕು. ಅದು ಭಾರವಾದಷ್ಟೂ ಏರಿನಲ್ಲಿ ಕಾಲು ನೋಯುತ್ತದೆ ಎಂಬುದನ್ನೂ ಮರೆಯಬಾರದು.

ಕೊಳ್ಳುವಾಗ ಅಂಗಡಿಯವನನ್ನು 'ಇದು ಎಷ್ಟು ಒಳ್ಳೆಯದು?' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. 'ಇದು ಯಾವಾಗ ಕೈಕೊಡುತ್ತದೆ?' ಎಂದೂ ಕೇಳಿ. ಉತ್ತರ ತಿಳಿದು ಹೊರಟವನು ಅರ್ಧ ದಾರಿ ಕ್ರಮಿಸಿದಂತೆಯೇ.