ಕರಗದ ದಾರಿಯಲ್ಲಿ ಒಂದು ಸುತ್ತು: ಬೆಂಗಳೂರು ಪೇಟೆಯ ಕಥೆ

ಕೆ.ಆರ್. ಮಾರ್ಕೆಟ್ ಮೆಟ್ರೊ ಸ್ಟೇಷನ್‌ನಿಂದ ಮೇಲಕ್ಕೆ ಬಂದಿದ್ದೀರಿ ಅಂದ್ಕೊಳ್ಳಿ. ಹೂವಿನ ವಾಸನೆ, ಬಸ್ಸಿನ ಹಾರ್ನು, ತಳ್ಳುಗಾಡಿಯವರ ಕೂಗು. ಇಲ್ಲಿಂದ ಸುಮ್ಮನೆ ನಡೀತಾ ಹೋದ್ರೆ ಒಂದೇ ಬೆಳಿಗ್ಗೆಯಲ್ಲಿ ದೇವಸ್ಥಾನ, ಮಸೀದಿ, ಬಸದಿ, ಚರ್ಚ್, ದರ್ಗಾ ಎಲ್ಲಾ ನೋಡಿಬಿಡಬಹುದು. ಈಗ ಭಾನುವಾರ ಬಂತು ಅಂದ್ರೆ ಇಲ್ಲಿ ಹೆರಿಟೇಜ್ ವಾಕ್ ಗುಂಪುಗಳು ಸಿಗ್ತವೆ. ಕತ್ತಲ್ಲಿ ಕ್ಯಾಮೆರಾ, ಕೈಯಲ್ಲಿ ನೀರಿನ ಬಾಟಲಿ. ಒಳ್ಳೇದೇ. ಆದ್ರೆ ಈ ವಾಕ್‌ಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತೆ: "ಇಲ್ಲಿ ಎಲ್ಲರೂ ಮೊದಲಿನಿಂದ ಅಣ್ಣತಮ್ಮಂದಿರ ಥರ ಇದ್ರು." ಹಾಗಿತ್ತಾ? ಇವತ್ತು ಅದನ್ನೇ ನೋಡೋಣ.

ಮೊದಲು ಕೋಟೆ. ಟಿಪ್ಪುವಿನ ಬೇಸಿಗೆ ಅರಮನೆ ಮತ್ತು ಕೋಟೆ ವೆಂಕಟರಮಣ ದೇವಸ್ಥಾನ ಅಕ್ಕಪಕ್ಕದಲ್ಲೇ ಇವೆ. ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು, ಅಂದ್ರೆ 17ನೇ ಶತಮಾನದ ಕೊನೆಯದು. ಅರಮನೆಯ ಕೆಲಸ ಹೈದರಾಲಿ ಶುರು ಮಾಡಿಸಿದ್ದು, ಮುಗಿದದ್ದು 1791ರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನು, ಎರಡು ವಾರ ಕಳೆದು ಕೋಟೆಯನ್ನು ಹಿಡಿಯಿತು.

ಪೇಟೆ ಬೇರೆ, ಕೋಟೆ ಬೇರೆ. ಕೋಟೆ ಆಳುವವರದ್ದು, ಪೇಟೆ ದುಡಿಯುವವರದ್ದು. 1537ರ ಸುಮಾರಿಗೆ ಕೆಂಪೇಗೌಡರು ಊರು ಕಟ್ಟಿದರು. ಸುಮಾರು ನೂರು ವರ್ಷ ಆದ ಮೇಲೆ ಅದು ಬಿಜಾಪುರದ ಕೈಗೆ ಹೋಯ್ತು, ಶಹಾಜಿ ಭೋಸಲೆಗೆ ಜಹಗೀರು ಆಯ್ತು. ಆಮೇಲೆ ಸ್ವಲ್ಪ ದಿನ ಮೊಘಲರು, ಅವರಿಂದ ಮೈಸೂರು. ಆಳುವವರು ಬದಲಾದಾಗೆಲ್ಲ ಅವರ ಹಿಂದೆ ಬಂದ ಸಿಪಾಯಿ, ಗುಮಾಸ್ತ, ವ್ಯಾಪಾರಿ ಇಲ್ಲೇ ಉಳ್ಕೊಂಡರು. ಚಿಕ್ಕಪೇಟೆಯ ಒಂದೇ ಬಟ್ಟೆ ಅಂಗಡಿಯಲ್ಲಿ ಇವತ್ತೂ ಕನ್ನಡ, ಉರ್ದು, ತೆಲುಗು, ತಮಿಳು, ಮಾರವಾಡಿ ಕೇಳಿಸೋದು ಅದಕ್ಕೇ. ಈ ಊರಲ್ಲಿ ಭಾಷೆ ಬೆಳೆದದ್ದು ವ್ಯಾಪಾರದ ಜೊತೆ.

ಈಗ ಅವೆನ್ಯೂ ರಸ್ತೆಗೆ ಬನ್ನಿ. ಇದರ ಹಳೇ ಹೆಸರು ದೊಡ್ಡಪೇಟೆ. ಹಳೇ ಪುಸ್ತಕಕ್ಕೆ ಅಂತ ನೀವು ಇಲ್ಲಿಗೆ ಬಂದಿರ್ತೀರಿ, ಆದ್ರೆ ಅಂಗಡಿಗಳ ನಡುವೆ ಇರೋ ರೈಸ್ ಸ್ಮಾರಕ ಚರ್ಚನ್ನು ಗಮನಿಸಿದ್ದೀರಾ? ಬೆಂಜಮಿನ್ ರೈಸ್ ಅನ್ನೋ ಲಂಡನ್ ಮಿಷನ್ ಪಾದ್ರಿಯ ಹೆಸರಿನ ಚರ್ಚ್ ಇದು. ಇಲ್ಲಿ ಪ್ರಾರ್ಥನೆ ನಡೆಯೋದು ಕನ್ನಡದಲ್ಲಿ. ಅವರ ಮಗ ಬಿ.ಎಲ್. ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಲ್ಲೇ. ಹಳ್ಳಿ ಹಳ್ಳಿಯ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ' ಅಂತ ಸಂಪುಟಗಳನ್ನು ತಂದವರು ಇವರೇ. ಪಾದ್ರಿಯ ಮಗ ನಮ್ಮ ದೇವಸ್ಥಾನದ ಕಲ್ಲುಗಳನ್ನು ಓದಿಸಿಟ್ಟ ಕಥೆ ಅದು, ಇನ್ನೊಂದು ಸಂಚಿಕೆಗೆ ಇರಲಿ.

ಇವತ್ತಿಗೆ ಬೇಕಾದ್ದು ಅವರ ಇನ್ನೊಂದು ಕೆಲಸ, ಮೈಸೂರು ಗೆಜೆಟಿಯರ್. ಅದರಲ್ಲಿ ರೈಸ್ ಒಂದು ಜಗಳದ ಬಗ್ಗೆ ಬರೀತಾರೆ. ಆಗಿನ ಪೇಟೆಗಳಲ್ಲಿ ಜಾತಿಗಳು ಎರಡು ಬಣ ಆಗಿದ್ವು: ಬಲಗೈ, ಎಡಗೈ. ಬಲಗೈ ಅಂದ್ರೆ 18 ಪಣ, ಅದಕ್ಕೆ ಬಣಜಿಗರು ಮುಂದಾಳುಗಳು. ಎಡಗೈ ಅಂದ್ರೆ 9 ಪಣ, ಅದಕ್ಕೆ ಪಾಂಚಾಳರು, ನಗರ್ತರು. ನಗರ್ತಪೇಟೆ ಅಂತೀವಲ್ಲ, ಅದೇ ನಗರ್ತರು. ಇವರ ಜಗಳ ಯಾತಕ್ಕೆ ಗೊತ್ತಾ? ಮೆರವಣಿಗೆಗೆ! ಯಾರ ಮದುವೆ ದಿಬ್ಬಣ, ಯಾರ ದೇವರು ಯಾವ ಬೀದಿಯಲ್ಲಿ ಹೋಗಬಹುದು, ಯಾರು ಕುದುರೆ ಏರಬಹುದು, ಯಾವ ಬಾವುಟ ಹಿಡಿಯಬಹುದು ಅನ್ನೋದಕ್ಕೆ. ತಮ್ಮ ಹಕ್ಕಿಗೆ ಎದುರು ಬಣದವರು ಕೈಹಾಕಿದರು ಅಂತ ಅನಿಸಿದ್ರೆ ಹೊಡೆದಾಟ.

ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅಂತ ಹೆಸರು ಕೇಳೋಕೆ ಚೆಂದ. ಆದ್ರೆ ಕಸುಬಿನ ಬೀದಿ ಅಂದ್ರೆ ಬಹಳ ಸಲ ಜಾತಿಯ ಬೀದಿಯೂ ಹೌದು. ಒಬ್ಬರ ಬೀದಿಗೆ ಇನ್ನೊಬ್ಬರ ದೇವರು ಬರೋದು ಸಣ್ಣ ವಿಷಯ ಆಗಿರಲಿಲ್ಲ. ಇದು ತಲೆಯಲ್ಲಿದ್ರೆ ಮಾತ್ರ ಕರಗದ ದಾರಿ ಎಷ್ಟು ದೊಡ್ಡದು ಅಂತ ಅರ್ಥ ಆಗುತ್ತೆ.

ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ಪಾಂಡವರಿಗೂ ದ್ರೌಪದಿಗೂ ಪೂಜೆ. ಕರಗ ನಡೆಸೋದು ತಿಗಳರು, ವಹ್ನಿಕುಲ ಕ್ಷತ್ರಿಯರು. ತೋಟಗಾರಿಕೆ ಅವರ ಕುಲಕಸುಬು. ಊರಿನ ಕೆರೆಗಳ ಜೊತೆ ಅವರ ನಂಟು ಎಂಥದ್ದು ಅಂದ್ರೆ, ಸಂಪಂಗಿ ಕೆರೆ ಮುಚ್ಚಿ ಕಂಠೀರವ ಸ್ಟೇಡಿಯಂ ಆದ ಮೇಲೂ ಕರಗದ ಶಾಸ್ತ್ರಕ್ಕೆ ಅಂತ ಅಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ. ಸ್ಟೇಡಿಯಂಗೆ ಹೋದವರಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರೋ!

ಚೈತ್ರ ಪೌರ್ಣಮಿಯ ನಡುರಾತ್ರಿ ದಾಟಿದ ಮೇಲೆ ಕರಗ ಹೊರಡುತ್ತೆ. ಹೊರುವವರು ಗಂಡಸು, ಉಟ್ಟಿರೋದು ಹೆಣ್ಣಿನ ಉಡುಪು, ತಲೆ ಮೇಲೆ ಮಲ್ಲಿಗೆಯ ಗೋಪುರ, ಕೈಯಿಂದ ಹಿಡಿಯೋ ಹಾಗಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಬೆಳಗಾಗೋವರೆಗೆ ಪೇಟೆಯ ಬೀದಿ ಬೀದಿ, ಗುಡಿ ಗುಡಿ. ಆ ದಾರಿಯಲ್ಲೇ ಕಾಟನ್‌ಪೇಟೆ, ಅಂದ್ರೆ ಅರಳೆಪೇಟೆ. ಅಲ್ಲಿ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗುತ್ತೆ.

ಯಾಕೆ ಹೋಗುತ್ತೆ ಅನ್ನೋದಕ್ಕೆ ಜನರ ಬಾಯಲ್ಲಿ ಕಥೆಗಳಿವೆ. ಒಂದರಲ್ಲಿ ಮಸ್ತಾನ್ ಬಾಬಾ ಕರಗ ನೋಡೋಕೆ ಬಂದು ನೂಕುನುಗ್ಗಲಲ್ಲಿ ಗಾಯ ಮಾಡ್ಕೊಳ್ತಾರೆ. ದೇವಸ್ಥಾನದವರು ಕುಂಕುಮ ಹಚ್ಚಿದಾಗ ಗಾಯ ಮಾಯುತ್ತೆ. ಮುಂದೆ ನನ್ನ ಹತ್ತಿರವೂ ಬಂದು ಹೋಗಿ ಅಂತ ಅವರು ಕೇಳ್ಕೊಳ್ತಾರೆ. ನಡೆದದ್ದೋ ಇಲ್ಲವೋ, ನನಗೆ ಅದು ಮುಖ್ಯ ಅಲ್ಲ. ಕಥೆಯಲ್ಲಿ ಇರೋದು ಒಂದು ಮಾತು ಕೊಟ್ಟದ್ದು, ಅದನ್ನು ಪ್ರತಿ ವರ್ಷ ಕಾಲ್ನಡಿಗೆಯಲ್ಲಿ ಹೋಗಿ ಉಳಿಸ್ಕೊಳ್ಳೋದು.

ಉಳಿಸ್ಕೊಳ್ಳೋದು ಕಷ್ಟ ಅಂತ 2022ರಲ್ಲಿ ಎಲ್ಲರೂ ನೋಡಿದರು. ಕೊರೊನಾದಿಂದ ಎರಡು ವರ್ಷ ಮೊದಲಿನ ವೈಭವ ಇಲ್ಲದೆ ಕಳೆದಿತ್ತು. ಮತ್ತೆ ಶುರುವಾಗೋ ಹೊತ್ತಿಗೆ, ಕರಗ ದರ್ಗಾಕ್ಕೆ ಹೋಗಬಾರದು ಅಂತ ಕೆಲವು ಸಂಘಟನೆಗಳು ಪಟ್ಟು ಹಿಡಿದವು. ದೇವಸ್ಥಾನದ ಸಮಿತಿಯವರು ಒಪ್ಪಲಿಲ್ಲ, ಹಿಂದಿನಿಂದ ಬಂದದ್ದು ಹಾಗೇ ನಡೆಯುತ್ತೆ ಅಂದರು. ದರ್ಗಾದ ಕಡೆಯವರು ದೇವಸ್ಥಾನಕ್ಕೆ ಬಂದು ಆಹ್ವಾನ ಕೊಟ್ಟರು. ಏಪ್ರಿಲ್‌ನ ಆ ರಾತ್ರಿ ಕರಗ ಕಾಟನ್‌ಪೇಟೆಗೆ ಹೋಯ್ತು.

ಅದಕ್ಕೇ ಗೈಡ್‌ಗಳು ಎರಡು ನಿಮಿಷ ನಿಲ್ಲಿಸಿ "ಸೌಹಾರ್ದದ ಸಂಕೇತ" ಅಂತ ಹೇಳಿ ಮುಂದೆ ಹೋದಾಗ ನನಗೆ ಸ್ವಲ್ಪ ಬೇಜಾರಾಗುತ್ತೆ. ಸಂಕೇತ ತಾನಾಗೇ ಉಳಿಯುತ್ತೆ ಅನ್ನೋ ಥರ ಮಾತಾಡ್ತಾರೆ. ಮೆರವಣಿಗೆಯ ಬೀದಿಗಾಗಿ ಹೊಡೆದಾಡ್ಕೊಂಡ ಊರುಗಳ ಸೀಮೆ ಇದು. ಇಲ್ಲಿ ಪ್ರತಿ ವರ್ಷ ಒಂದಷ್ಟು ಜನ ಕೂತು ಮಾತಾಡಿ, ಆಹ್ವಾನ ಕೊಟ್ಟು, ಒಪ್ಪಿ ಈ ದಾರಿಯನ್ನು ತೆರೆದಿಡಬೇಕಾಗುತ್ತೆ.

ನೀವು ಹೋಗೋದಾದ್ರೆ ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತೆ, ಬೋರ್ಡುಗಳ ಮೇಲಿನ ಹಳೇ ಮಹಡಿಗಳು ಕಣ್ಣಿಗೆ ಬೀಳ್ತವೆ. ಸುಲಭವಾಗಿ ಬಿಚ್ಚೋ ಚಪ್ಪಲಿ ಹಾಕ್ಕೊಳ್ಳಿ, ದರ್ಗಾಕ್ಕೆ ತಲೆ ಮುಚ್ಚೋಕೆ ಒಂದು ಕರ್ಚೀಫ್ ಇರಲಿ. ಫೋಟೊ ತೆಗೆಯೋ ಮುಂಚೆ ಅಲ್ಲಿದ್ದವರನ್ನ ಒಂದು ಮಾತು ಕೇಳಿ. ತಿಗಳರಪೇಟೆಯಿಂದ ಶುರು ಮಾಡಿ ಕಾಟನ್‌ಪೇಟೆಯವರೆಗೆ ನಡೀರಿ. ಮ್ಯಾಪ್ ಬೇಡ, ದಾರಿ ತಪ್ಪಿದ್ರೆ ಕರಗ ಯಾವ ಕಡೆಯಿಂದ ಬರುತ್ತೆ ಅಂತ ಯಾವುದಾದರೂ ಟೀ ಅಂಗಡಿಯಲ್ಲಿ ಕೇಳಿ, ಹೇಳ್ತಾರೆ.